ಕಾರವಾರದಿಂದ ಮಂಗಳೂರಿಗೆ ಸೈಕಲ್ ಪಯಣ: ಸರಾಸರಿ ಜವವನ್ನು ಕಲಿಸುವ ಒಂದು ಪಾಠ

ತರಗತಿ: 9 | ವಿಷಯ: ವಿಜ್ಞಾನ (ಚಲನೆ) | ಅವಧಿ: 40 ನಿಮಿಷಗಳ ಎರಡು ಅವಧಿಗಳು

ಹಿನ್ನೆಲೆ

ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಿದರೆ ಸರಾಸರಿ ಜವ ಸಿಗುತ್ತದೆ. ಈ ಸೂತ್ರವನ್ನು ಮಕ್ಕಳು ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ. ಆದರೆ ‘ಒಟ್ಟು ಕಾಲ’ದೊಳಗೆ ಏನೇನು ಸೇರುತ್ತದೆ ಎಂಬ ಪ್ರಶ್ನೆ ಅಭ್ಯಾಸ ಪಾಠಗಳಲ್ಲಿ ಬರುವುದೇ ಅಪರೂಪ. ಕಪ್ಪುಹಲಗೆಯ ಮೇಲಿನ ರೈಲು ಎಲ್ಲಿಯೂ ನಿಲ್ಲುವುದಿಲ್ಲ, ಕಾರಿಗೆ ಪಂಕ್ಚರ್ ಆಗುವುದಿಲ್ಲ.

ಸವಳಂಗ ರಸ್ತೆಯ ಆಸುಪಾಸಿನ ಶಾಲೆಗಳಿಗೆ ಸೈಕಲ್ ತುಳಿದುಕೊಂಡು ಬರುವ ಮಕ್ಕಳಿದ್ದಾರೆ. 2006–07ರಲ್ಲಿ ಆರಂಭವಾದ ಉಚಿತ ಬೈಸಿಕಲ್ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳಿಗೂ ಸೈಕಲ್ ತಮ್ಮ ಸ್ವಂತದ ವಾಹನವಾಯಿತು. ಎದುರುಗಾಳಿ, ಏರು, ದಣಿವು ಇವರಿಗೆ ಹೊಸವಲ್ಲ. ಈ ಅನುಭವದ ಮೇಲೆ ಪಾಠ ಕಟ್ಟಲು ಕರಾವಳಿಯ ಒಂದು ದೂರದ ಪಯಣವನ್ನು ಆರಿಸಿಕೊಳ್ಳಬಹುದು.

ಕಲಿಕಾ ಫಲಗಳು

1. ತುಳಿಯುವ ಜವಕ್ಕೂ ಪಯಣದ ಸರಾಸರಿ ಜವಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವರು.
2. ಎರಡು ಜವಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ಏಕೆ ತಪ್ಪಾಗಬಹುದು ಎಂದು ಉದಾಹರಣೆಯೊಂದಿಗೆ ತೋರಿಸುವರು.
3. ಒಂದು ದಿನದ ಪಯಣವನ್ನು ಯೋಜಿಸಿ, ತಮ್ಮ ನಿರ್ಧಾರಕ್ಕೆ ಕಾರಣ ಕೊಡುವರು.

ಬೋಧನೋಪಕರಣಗಳು: ಕರ್ನಾಟಕದ ಭೂಪಟ, ಸುಣ್ಣದ ಪುಡಿ, ಅಳತೆ ಟೇಪು, ಸ್ಟಾಪ್‌ವಾಚ್ ಇರುವ ಮೊಬೈಲ್, ಒಂದು ಸೈಕಲ್.

ತೊಡಗಿಸಿಕೊಳ್ಳುವಿಕೆ

ಶಾಲೆಯ ಮೈದಾನದಲ್ಲಿ 100 ಮೀಟರ್ ಅಳೆದು ಗೆರೆ ಹಾಕಿಸಿ. ಇಬ್ಬರು ಮಕ್ಕಳು ಎಂದಿನ ಹದದಲ್ಲಿ ಸೈಕಲ್ ತುಳಿಯಲಿ, ಉಳಿದವರು ಕಾಲ ಅಳೆಯಲಿ. 24 ಸೆಕೆಂಡು ಹಿಡಿದರೆ ಜವ ಗಂಟೆಗೆ 15 ಕಿ.ಮೀ. ತರಗತಿಗೆ ಮರಳಿ ಭೂಪಟ ತೋರಿಸಿ ಕೇಳಿ: ‘ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿ.ಮೀ. ಇದೇ ಜವದಲ್ಲಿ ಹೋದರೆ ಎಷ್ಟು ಹೊತ್ತು ಬೇಕು?’

18 ಗಂಟೆ ಎಂಬ ಉತ್ತರ ಬೇಗ ಬರುತ್ತದೆ. ಅದನ್ನು ತಪ್ಪು ಎನ್ನಬೇಡಿ. ‘ಹಾಗಾದರೆ ಬೆಳಿಗ್ಗೆ 6ಕ್ಕೆ ಹೊರಟವರು ಅದೇ ರಾತ್ರಿ 12ಕ್ಕೆ ಮಂಗಳೂರು ಮುಟ್ಟುತ್ತಾರೆಯೇ?’ ಎಂದು ಕೇಳಿ ಸುಮ್ಮನಿರಿ. ಊಟ, ನೀರು, ನಿದ್ದೆ, ಕಾಲುನೋವು ಎಲ್ಲವನ್ನೂ ಮಕ್ಕಳೇ ಹೇಳುತ್ತಾರೆ. ಅವನ್ನು ಅವರದೇ ಮಾತಿನಲ್ಲಿ ಹಲಗೆಯ ಮೇಲೆ ಬರೆಯಿರಿ.

ಅನ್ವೇಷಣೆ

ದುಂಡಾಗಿಸಿದ ಈ ದೂರಗಳನ್ನು ಗುಂಪುಗಳಿಗೆ ಕೊಡಿ: ಕಾರವಾರ–ಅಂಕೋಲಾ 35 ಕಿ.ಮೀ., ಅಂಕೋಲಾ–ಕುಮಟಾ 35, ಕುಮಟಾ–ಹೊನ್ನಾವರ 20, ಹೊನ್ನಾವರ–ಭಟ್ಕಳ 40, ಭಟ್ಕಳ–ಕುಂದಾಪುರ 50, ಕುಂದಾಪುರ–ಉಡುಪಿ 35, ಉಡುಪಿ–ಮಂಗಳೂರು 55. ತಿಂಗಳು ಡಿಸೆಂಬರ್; ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಸೈಕಲ್ ಇರಬಾರದು ಎಂಬುದೊಂದೇ ನಿಯಮ. ಎಷ್ಟು ದಿನ, ಎಲ್ಲೆಲ್ಲಿ ತಂಗುವುದು ಎಂಬುದನ್ನು ಗುಂಪೇ ನಿರ್ಧರಿಸಲಿ.

ಒಂದು ಗುಂಪು ನಾಲ್ಕು ದಿನಗಳ ಯೋಜನೆ ಮಾಡಿದರೆ ಮೂರನೆಯ ದಿನ ಭಟ್ಕಳದಿಂದ ಉಡುಪಿಗೆ 85 ಕಿ.ಮೀ. ಬರಬಹುದು. ಕುಂದಾಪುರದವರೆಗೆ ಗಂಟೆಗೆ 15 ಕಿ.ಮೀ.ಯಂತೆ 3 ಗಂಟೆ 20 ನಿಮಿಷ. ಆಮೇಲೆ ಬಿಸಿಲು, ದಣಿವು. ಗಂಟೆಗೆ 10 ಕಿ.ಮೀ.ಯಂತೆ 3 ಗಂಟೆ 30 ನಿಮಿಷ. ತಿಂಡಿ, ಊಟ, ವಿಶ್ರಾಂತಿಗೆ 2 ಗಂಟೆ 30 ನಿಮಿಷ. ಒಟ್ಟು 9 ಗಂಟೆ 20 ನಿಮಿಷ. ಬೆಳಿಗ್ಗೆ 7ಕ್ಕೆ ಹೊರಟರೆ ಸಂಜೆ 4.20ಕ್ಕೆ ಉಡುಪಿ. 9ಕ್ಕೆ ಹೊರಟರೆ 6.20, ಅಂದರೆ ಕತ್ತಲೆ. ಬೇಗ ಹೊರಡಬೇಕೋ, ಕುಂದಾಪುರದಲ್ಲೇ ತಂಗಿ ಐದು ದಿನ ಮಾಡಬೇಕೋ? ಎರಡೂ ಸರಿಯಾಗಬಹುದು. ಕಾರಣ ಕೇಳಿ.

ವಿವರಣೆ

ಇಲ್ಲಿ ಒಂದು ಸಾಮಾನ್ಯ ತಪ್ಪು ಕಲ್ಪನೆಯನ್ನು ಎದುರಿಸಬೇಕು. ಕುಮಟಾದಿಂದ ಭಟ್ಕಳಕ್ಕೆ 60 ಕಿ.ಮೀ. ಬೆಳಗಿನ ತಂಪಿನಲ್ಲಿ ಮೊದಲ 30 ಕಿ.ಮೀ. ಗಂಟೆಗೆ 20ರಂತೆ, ಉಳಿದ 30 ಕಿ.ಮೀ. ಗಂಟೆಗೆ 10ರಂತೆ ತುಳಿದರೆ ಸರಾಸರಿ ಎಷ್ಟು? ಹಲವರು 15 ಎನ್ನುತ್ತಾರೆ. ಕಾಲವನ್ನು ಲೆಕ್ಕ ಹಾಕಿಸಿ: ಒಂದೂವರೆ ಗಂಟೆ, ಮೂರು ಗಂಟೆ, ಒಟ್ಟು ನಾಲ್ಕೂವರೆ. 60 ÷ 4.5 = 13.3. ದೂರ ಸಮನಾಗಿದ್ದರೂ ನಿಧಾನದ ಭಾಗವೇ ಹೆಚ್ಚು ಹೊತ್ತು ತಿನ್ನುತ್ತದೆ. ಅದಕ್ಕೇ ಸರಾಸರಿ ನಿಧಾನದ ಕಡೆಗೆ ವಾಲುತ್ತದೆ. ಸೂತ್ರಕ್ಕಿಂತ ಈ ಒಂದು ಮಾತು ಮಕ್ಕಳಿಗೆ ದಕ್ಕಿದರೆ ಪಾಠ ಸಾರ್ಥಕ.

ದೂರ ಪಯಣದ ಸೈಕಲ್ ಸವಾರರ ರೂಢಿಯೊಂದನ್ನು ಇಲ್ಲಿ ಹೇಳಬಹುದು. ಫ್ರಾನ್ಸಿನಲ್ಲಿ ಬೆಳೆದು ಭಾರತಕ್ಕೂ ಬಂದಿರುವ ‘ಬ್ರೆವೆ’ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300 ಕಿ.ಮೀ.ಗೆ 20 ಗಂಟೆಗಳ ಮಿತಿ ಇದೆ. ಊಟಕ್ಕೆ ನಿಂತರೂ, ಟ್ಯೂಬ್ ಬದಲಿಸಿದರೂ ಗಡಿಯಾರ ನಿಲ್ಲುವುದಿಲ್ಲ. ‘ಒಟ್ಟು ಕಾಲ’ ಎಂದರೆ ಇದೇ.

ವಿಸ್ತರಣೆ

ಸಮಾಜ ವಿಜ್ಞಾನದ ಶಿಕ್ಷಕರ ಜೊತೆಗೂಡಿ ದಾರಿಯನ್ನು ಭೂಪಟದಲ್ಲಿ ಗುರುತಿಸಿ. ನಮ್ಮ ಜಿಲ್ಲೆಯ ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ ಧುಮುಕುವ ಶರಾವತಿಯನ್ನು ಸವಾರರು ಹೊನ್ನಾವರದ ಸೇತುವೆಯ ಮೇಲೆ ದಾಟುತ್ತಾರೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಕಡಲನ್ನೇ ಕಾಣದ ಮಕ್ಕಳು ತರಗತಿಯಲ್ಲಿರಬಹುದು, ಅವರಿಗಾಗಿ ಚಿತ್ರಗಳಿರಲಿ.

ಇದೇ ಪಯಣವನ್ನು ಜುಲೈಗೆ ಬದಲಿಸಿದರೆ? 2024ರ ಜುಲೈ 16ರಂದು ಭಾರೀ ಮಳೆಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನ ಬಳಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನರು ಪ್ರಾಣ ಕಳೆದುಕೊಂಡರು, ಸಂಚಾರ ದಿನಗಟ್ಟಲೆ ನಿಂತಿತು. ಬೈಂದೂರು ತಾಲ್ಲೂಕಿನಲ್ಲೂ ಇದೇ ಹೆದ್ದಾರಿಯ ಮೇಲೆ ಇನ್ನೊಂದು ಶಿರೂರು ಇದೆ. ಎರಡನ್ನೂ ಮಕ್ಕಳು ಭೂಪಟದಲ್ಲಿ ಹುಡುಕಲಿ. ಪಯಣವನ್ನು ಮುಂದೂಡುವುದೂ ಒಂದು ಒಳ್ಳೆಯ ಯೋಜನೆಯೇ ಎಂಬುದು ಚರ್ಚೆಯಲ್ಲಿ ಬರಲಿ.

ಮೌಲ್ಯಮಾಪನ

1. 70 ಕಿ.ಮೀ.ಯನ್ನು ಗಂಟೆಗೆ 15 ಕಿ.ಮೀ.ಯಂತೆ ತುಳಿದು, 2 ಗಂಟೆ 20 ನಿಮಿಷ ವಿಶ್ರಾಂತಿ ಪಡೆದರೆ ಪಯಣದ ಸರಾಸರಿ ಜವವೆಷ್ಟು? (ಗಂಟೆಗೆ 10 ಕಿ.ಮೀ.)
2. ನಿಮ್ಮ ಗುಂಪಿನ ಯೋಜನೆಯಲ್ಲಿ ಒಂದು ಪಂಕ್ಚರ್ ಅರ್ಧ ಗಂಟೆ ತಿಂದರೆ ಯಾವ ದಿನ ಕತ್ತಲಾಗುತ್ತದೆ? ಏನು ಬದಲಿಸುವಿರಿ?

ಎರಡನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಲೆಕ್ಕಕ್ಕೆ ಎಷ್ಟು ಅಂಕವೋ ಕಾರಣಕ್ಕೂ ಅಷ್ಟೇ ಅಂಕವಿರಲಿ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಸೈಕಲ್ ತುಳಿಯುವ ಚಟುವಟಿಕೆ ಮೈದಾನದಲ್ಲಿ ಮಾತ್ರ ನಡೆಯಲಿ. ಮುಖ್ಯರಸ್ತೆಗೆ ಮಕ್ಕಳನ್ನು ಇಳಿಸಬಾರದು. ಸೈಕಲ್ ಇಲ್ಲದ ಮಗುವಿಗೆ ಕಾಲ ಅಳೆಯುವ, ಲೆಕ್ಕ ಬರೆಯುವ ಹೊಣೆ ಕೊಡಿ. ಮಕ್ಕಳು ‘ಸ್ಪೀಡ್’ ಎಂದರೆ ತಡೆಯಬೇಡಿ. ಪಕ್ಕದಲ್ಲಿ ‘ಜವ’ ಎಂದು ಬರೆಯಿರಿ, ಪಠ್ಯದಲ್ಲಿ ‘ವೇಗ’ಕ್ಕೆ ಬೇರೆ ಅರ್ಥವಿದೆ ಎಂದು ನೆನಪಿಸಿ. ಎರಡನೆಯ ಅವಧಿಯ ಕೊನೆಯ ಹತ್ತು ನಿಮಿಷಗಳನ್ನು ಗುಂಪುಗಳ ಮಂಡನೆಗೇ ಮೀಸಲಿಡಿ. ಮೊದಲು ಹೇಳಿದ 18 ಗಂಟೆಯ ಉತ್ತರವನ್ನು ಅವರು ತಾವಾಗಿಯೇ ತಿದ್ದಿಕೊಳ್ಳುವುದು ಅಲ್ಲಿಯೇ.