ಸುದ್ದಿ ಹೇಳುವ ದನಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಯೆಂಬ ಬೆಟ್ಟವುಂಟು. ಅಲ್ಲಿಯ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನು ಬರೆಯಿಸಿದ ಶಾಸನವಿದೆ. ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿಯೂ ಅದೇ ಸಂದೇಶವನ್ನು ಹೊತ್ತ ಶಾಸನಗಳಿವೆ. ಎರಡು ಸಾವಿರ ವರ್ಷಗಳಿಗೂ ಮೀರಿ ಬಿಸಿಲು ಗಾಳಿಗಳಿಗೆ ಮೈಯೊಡ್ಡಿ ನಿಂತಿದ್ದ ಈ ಬರಹಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಲೋಕದ ಬೆಳಕಿಗೆ ತಂದರು.

ಬ್ರಹ್ಮಗಿರಿಯ ಶಾಸನವು ಒಂದು ಪತ್ರದಂತೆ ಮೊದಲಾಗುತ್ತದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲವೆಂಬ ಊರಿನ ಮಹಾಮಾತ್ರರ ಕ್ಷೇಮವನ್ನು ಮೊದಲು ವಿಚಾರಿಸುತ್ತಾರೆ. ಆಮೇಲೆ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ತಾಯಿತಂದೆಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಕೊನೆಯಲ್ಲಿ ಬರೆದವನ ಹೆಸರೂ ಇದೆ. ಆತನು ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, 'ಲಿಪಿಕಾರ' ಎಂಬುದೊಂದನ್ನು ಮಾತ್ರ ಆತನು ದೂರದ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ.

ಅಂದು ಓದು ಬಲ್ಲವರು ಎಷ್ಟು ಮಂದಿ ಇದ್ದಾರು? ಕಲ್ಲಿನ ಮೇಲಿನ ಅಕ್ಷರವು ಜನರ ಕಿವಿಯನ್ನು ಮುಟ್ಟಬೇಕಾದರೆ ಅದಕ್ಕೊಂದು ದನಿ ಬೇಕಾಗಿತ್ತು. ನೆರೆಯ ಆಂಧ್ರಪ್ರದೇಶದ ಎರ್ರಗುಡಿಯಲ್ಲಿರುವ ಅಶೋಕನ ಶಾಸನದಲ್ಲಿ ಇದಕ್ಕೊಂದು ಸುಳಿವು ದೊರೆಯುತ್ತದೆ. ರಜ್ಜುಕನೆಂಬ ಅಧಿಕಾರಿಯು ಭೇರಿಯನ್ನು ಹೊಡೆಯಿಸಿ ನಾಡಿನ ಜನರಿಗೆ ಈ ಆಜ್ಞೆಯನ್ನು ಸಾರಬೇಕೆಂದು ಅಲ್ಲಿ ಹೇಳಿದೆ. ಮುಂದೆ ನಮ್ಮ ಹಳ್ಳಿಗಳಲ್ಲಿ ತಮಟೆ ಬಾರಿಸಿ ಡಂಗುರ ಸಾರಿದವರು ಈ ಪರಂಪರೆಗೇ ಸೇರಿದವರು. ಇಂದು ದೂರದರ್ಶನದ ತೆರೆಯ ಮೇಲೆ ಕುಳಿತು ವಾರ್ತೆಗಳನ್ನು ಓದುವವರೂ ಇದೇ ಪರಂಪರೆಯ ಕೊನೆಯ ಕೊಂಡಿ.

ಈ ನಾಡಿನ ಜನರಿಗೆ ದನಿಯ ಬೆಲೆ ಚೆನ್ನಾಗಿ ಗೊತ್ತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರವನ್ನು ಕಲಿತವರಲ್ಲ. ಆದರೂ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡು ಹಾಡುತ್ತಿದ್ದ ಅವರನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯಿತ್ತು ಗೌರವಿಸಿತು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಮಳೆಯ ಮುನ್ಸೂಚನೆಗೂ ಕಡಲೆಕಾಯಿಯ ಧಾರಣೆಗೂ ರೈತನು ಕಿವಿಗೊಟ್ಟು ಕುಳಿತಿರುತ್ತಾನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರನಿಗೆ ಕಣ್ಣು ಕೈಗಳೆರಡೂ ಮಗ್ಗದ ಮೇಲೆಯೇ ಇರಬೇಕು. ಬಿಡುವಿರುವುದು ಕಿವಿಗೆ ಮಾತ್ರ. ಇಂಥವರಿಗೆ ಸುದ್ದಿಯೆಂಬುದು ಕಾಲ ಕಳೆಯುವ ವಸ್ತುವಲ್ಲ. ತಪ್ಪು ಸುದ್ದಿಯನ್ನು ನಂಬಿದರೆ ಒಂದು ಬೆಳೆಯೇ ಕೈತಪ್ಪಬಹುದು.

ಕನ್ನಡ ನಾಡಿಗೆ ಬಾನುಲಿಯನ್ನು ತಂದವರು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಅವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಒಪ್ಪಿದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ದೆಹಲಿಯಲ್ಲಿ 1959ರಲ್ಲಿ ಮೊದಲಾದ ದೂರದರ್ಶನವು 1981ರಲ್ಲಿ ಬೆಂಗಳೂರಿಗೆ ಬಂದಿತು. ಅಲ್ಲಿಯವರೆಗೆ ಕೇಳಿಸುತ್ತಿದ್ದ ದನಿಗೆ ಆಗ ಒಂದು ಮುಖವೂ ದೊರಕಿತು.

ವಾರ್ತೆಗಳನ್ನು ಓದುವವರು ಮೊದಲು ತಮ್ಮ ಹೆಸರನ್ನು ಹೇಳುವ ಪದ್ಧತಿಯನ್ನು ನೀವು ಗಮನಿಸಿರಬಹುದು. ಇದರ ಹಿಂದೆ ಒಂದು ಕಥೆಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯ ವಾರ್ತಾವಾಚಕರು ಹೆಸರು ಹೇಳಿ ಓದತೊಡಗಿದರು. ಶತ್ರುಗಳು ಸುಳ್ಳು ವಾರ್ತೆಯನ್ನು ಬಿತ್ತರಿಸಿದರೆ ಜನರು ಮೋಸಹೋಗಬಾರದು; ಹೆಸರಿನೊಡನೆ ದನಿಯೂ ಪರಿಚಿತವಾಗಿರಬೇಕು ಎಂಬುದು ಅದರ ಉದ್ದೇಶ. 'ಈ ಮಾತಿಗೆ ನಾನು ಹೊಣೆ' ಎಂಬ ಅರ್ಥ ಆ ಹೆಸರಿನಲ್ಲಿ ಅಡಗಿದೆ. ಬ್ರಹ್ಮಗಿರಿಯ ಬಂಡೆಯ ಮೇಲೆ ಚಪಡನು ತನ್ನ ಹೆಸರನ್ನು ಕೆತ್ತಿದುದು ಇಲ್ಲಿ ನೆನಪಿಗೆ ಬರುವುದಿಲ್ಲವೆ?

ವಾರ್ತಾವಾಚನವು ನೋಡಲು ಸುಲಭ, ಮಾಡಲು ಕಷ್ಟ. ಓದುವವರ ಮುಂದಿರುವ ಬರಹವನ್ನು ಸಿದ್ಧಪಡಿಸುವವರು ಸಂಪಾದಕರು. ಅದನ್ನು ಮುಂಚಿತವಾಗಿ ಓದಿಕೊಂಡು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂಬುದನ್ನು ಓದುಗರು ಗುರುತು ಮಾಡಿಕೊಳ್ಳಬೇಕು. ಪರದೇಶದ ಹೆಸರುಗಳನ್ನೂ ಅಂಕಿಗಳನ್ನೂ ತಡವರಿಸದೆ ಹೇಳಬೇಕು. ಓದುತ್ತಿರುವಾಗಲೇ ಹೊಸ ಸುದ್ದಿಯ ಚೀಟಿ ಬಂದರೆ ಮುಖದಲ್ಲಿ ಗಾಬರಿ ಕಾಣಬಾರದು. 1984ರ ಅಕ್ಟೋಬರ್ 31ರಂದು ಬೆಳಿಗ್ಗೆ ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ಗುಂಡಿನ ದಾಳಿ ನಡೆಯಿತು. ಅವರ ಮರಣದ ಸುದ್ದಿಯನ್ನು ಅಂದು ಸಂಜೆ ದೂರದರ್ಶನದಲ್ಲಿ ದೇಶಕ್ಕೆ ತಿಳಿಸಿದವರು ಸಲ್ಮಾ ಸುಲ್ತಾನ್. ಕೋಟ್ಯಂತರ ಜನರ ಎದೆ ನಡುಗಿಸುವ ಮಾತನ್ನು ತನ್ನ ದನಿ ನಡುಗದಂತೆ ಹೇಳಬೇಕಾದವರ ಕಷ್ಟವನ್ನು ನಾವು ಊಹಿಸಿಕೊಳ್ಳಬಹುದು.

ವಾರ್ತಾವಾಚನದ ಒಡಹುಟ್ಟಿದಂತಿರುವ ಇನ್ನೊಂದು ವೃತ್ತಿ ನಿರೂಪಣೆ. ಈ ವೃತ್ತಿಯಲ್ಲಿ ಕನ್ನಡದ ಸೊಗಸನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅಪರ್ಣಾ ಅವರ ಹೆಸರು ಎದ್ದು ಕಾಣುತ್ತದೆ. 1966ರಲ್ಲಿ ಜನಿಸಿದ ಅವರ ತಂದೆ ಚಲನಚಿತ್ರ ಪತ್ರಕರ್ತರಾಗಿದ್ದರು. ಹೀಗಾಗಿ ಪದಗಳ ನಂಟು ಅವರಿಗೆ ಮನೆಯಲ್ಲಿಯೇ ದೊರೆಯಿತು. ಹದಿಹರೆಯದಲ್ಲಿಯೇ ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರವಾದ 'ಮಸಣದ ಹೂವು' ಚಿತ್ರದಲ್ಲಿ ಅಭಿನಯಿಸುವ ಅವಕಾಶ ಅವರ ಪಾಲಿಗೆ ಬಂದಿತು.

ಆದರೆ ಅವರಿಗೆ ಶಾಶ್ವತವಾದ ಹೆಸರನ್ನು ತಂದುಕೊಟ್ಟುದು ದನಿ. ಬೆಂಗಳೂರು ದೂರದರ್ಶನದ ನಿರೂಪಕಿಯಾಗಿ ಅವರು ಮನೆಮಾತಾದರು. ಆಕಾಶವಾಣಿಯ ಕೇಳುಗರಿಗೂ ಪ್ರಿಯರಾದರು. 1998ರ ದೀಪಾವಳಿಯ ಸಂದರ್ಭದಲ್ಲಿ ಎಂಟು ಗಂಟೆಗಳ ಕಾಲ ಸತತವಾಗಿ ಕಾರ್ಯಕ್ರಮವೊಂದನ್ನು ನಿರೂಪಿಸಿದರು. ನಾಡಿನ ಎಷ್ಟೋ ಸಭೆ ಸಮಾರಂಭಗಳು ಅವರ ಮಾತಿನಿಂದ ಕಳೆಗಟ್ಟಿದವು. ಬೇರೆ ಭಾಷೆಯ ಪದಗಳ ಊರುಗೋಲಿಲ್ಲದೆ, ಅಲ್ಪಪ್ರಾಣ ಮಹಾಪ್ರಾಣಗಳು ಮಾಸದಂತೆ, ಅವಸರವಿಲ್ಲದೆ ಅವರು ಆಡುತ್ತಿದ್ದ ಕನ್ನಡವು ಕೇಳುವವರಿಗೆ ಒಂದು ಪಾಠದಂತಿತ್ತು. ಗಾಂಭೀರ್ಯವೊಂದೇ ಅವರ ಬಂಡವಾಳವಾಗಿರಲಿಲ್ಲ. 'ಮಜಾ ಟಾಕೀಸ್' ಕಾರ್ಯಕ್ರಮದಲ್ಲಿ ವರಲಕ್ಷ್ಮಿಯೆಂಬ ಪಾತ್ರ ವಹಿಸಿ, ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು.

2011ರಲ್ಲಿ ಬೆಂಗಳೂರಿನಲ್ಲಿ 'ನಮ್ಮ ಮೆಟ್ರೊ' ಸಂಚಾರ ಆರಂಭವಾದಾಗ, ಮುಂದಿನ ನಿಲ್ದಾಣ ಯಾವುದೆಂದು ಕನ್ನಡದಲ್ಲಿ ತಿಳಿಸಿದ ದನಿ ಅಪರ್ಣಾ ಅವರದು. ಹೊಟ್ಟೆಪಾಡಿಗಾಗಿ ಚಳ್ಳಕೆರೆಯಿಂದಲೋ ಮೊಳಕಾಲ್ಮೂರಿನಿಂದಲೋ ರಾಜಧಾನಿಗೆ ಬಂದು, ಆ ಜನಸಂದಣಿಯಲ್ಲಿ ದಿಕ್ಕು ತೋಚದೆ ನಿಂತ ಹಳ್ಳಿಗನಿಗೆ ತನ್ನ ನುಡಿಯಲ್ಲಿಯೇ ದಾರಿ ಹೇಳುವ ದನಿಯೊಂದು ಕೇಳಿಸಿದರೆ ಅದೇನು ಸಣ್ಣ ಸಮಾಧಾನವೆ? ಹೇಳುವವರ ಮುಖ ಕಾಣುವುದಿಲ್ಲ. ಆದರೂ ಇಳಿಯಬೇಕಾದ ಎಡೆಯಲ್ಲಿ ಆತನು ಅಂಜಿಕೆಯಿಲ್ಲದೆ ಇಳಿಯುತ್ತಾನೆ. ನಂಬಿಕೆಯೆಂದರೆ ಇದೇ.

ಅಪರ್ಣಾ ಅವರು ವಾಸ್ತುಶಿಲ್ಪಿಯೂ ಲೇಖಕರೂ ಆದ ನಾಗರಾಜ ವಸ್ತಾರೆಯವರನ್ನು ವರಿಸಿದ್ದರು. ಕಟ್ಟಡವನ್ನೂ ಕಥೆಯನ್ನೂ ಕಟ್ಟುವ ಪತಿ, ಮಾತಿಗೆ ಜೀವ ತುಂಬುವ ಪತ್ನಿ. ಇಬ್ಬರನ್ನೂ ಬೆಸೆದುದು ಕನ್ನಡ. ಇಂಥ ಸಂಸಾರಕ್ಕೆ ಕಷ್ಟವು ಹೇಳದೆ ಬಂದಿತು. ಅಪರ್ಣಾ ಅವರನ್ನು ಶ್ವಾಸಕೋಶದ ಕ್ಯಾನ್ಸರ್ ಬಾಧಿಸಿತು. ಉಸಿರಿಲ್ಲದೆ ದನಿಯಿಲ್ಲ, ಆ ಉಸಿರಿನ ನೆಲೆಗೇ ರೋಗ ತಗುಲಿತು. ಸುಮಾರು ಎರಡು ವರ್ಷಗಳ ಕಾಲ ಅವರು ಅದರೊಡನೆ ಹೋರಾಡಿದರು. ತಮ್ಮ ನೋವನ್ನು ಲೋಕದ ಮುಂದೆ ಹರಡಿಕೊಳ್ಳಲಿಲ್ಲ. ಊರಿನ ಸುದ್ದಿಯನ್ನೆಲ್ಲ ಊರಿಗೆ ಹೇಳುವ ವೃತ್ತಿಯವರು ತಮ್ಮ ಸುದ್ದಿಯನ್ನು ಮಾತ್ರ ಎದೆಯೊಳಗೆ ಇಟ್ಟುಕೊಂಡರು. 2024ರ ಜುಲೈ 11ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ ಐವತ್ತೇಳು ವರ್ಷ. ಮರುದಿನವೂ ಮೆಟ್ರೊ ರೈಲುಗಳಲ್ಲಿ ಅದೇ ದನಿ ಎಂದಿನಂತೆ ದಾರಿ ಹೇಳುತ್ತಿತ್ತು. ಅದನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಂಡವರಲ್ಲಿ ಅವರನ್ನು ಒಮ್ಮೆಯೂ ಎದುರಿಗೆ ಕಾಣದವರೇ ಹೆಚ್ಚು.

ಇಂಥ ದನಿ ಹುಟ್ಟಿನಿಂದಲೇ ಬರುತ್ತದೆಯೆಂದು ತಿಳಿಯುವುದು ಸರಿಯಲ್ಲ. ಕಂಠ ಹುಟ್ಟಿನಿಂದ ಬಂದೀತು. ಸ್ಪಷ್ಟತೆ ಸಾಧನೆಯಿಂದಲೇ ಬರಬೇಕು. ಹಳ್ಳಿಯ ಮಕ್ಕಳು ಎಷ್ಟೋ ವೇಳೆ ತಮ್ಮ ಮಾತಿಗೆ ತಾವೇ ನಾಚಿ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. 'ಹಾದಿ' ಎನ್ನಬೇಕಾದೆಡೆ 'ಆದಿ' ಎಂದು, 'ಹಣ' ಎನ್ನಬೇಕಾದೆಡೆ 'ಅಣ' ಎಂದು ನಗೆಗೀಡಾದೇವೆಂಬ ಅಳುಕು ಅವರದು. ತೆಲುಗಿನ ನೆರೆಯಲ್ಲಿರುವ ಮೊಳಕಾಲ್ಮೂರಿನಂಥ ಗಡಿಸೀಮೆಯಲ್ಲಿ ಎರಡು ನುಡಿಗಳು ಬೆರೆಯುವುದೂ ಸಹಜವೇ. ಮನೆಮಾತು ಅವಮಾನವಲ್ಲ, ಅದು ತಾಯಿಯ ಕೊಡುಗೆ. ಅದನ್ನು ಉಳಿಸಿಕೊಂಡೇ ಬರಹದ ಭಾಷೆಯ ಉಚ್ಚಾರಣೆಯನ್ನೂ ಕಲಿಯಬಹುದು. ದಿನಕ್ಕೆ ಹತ್ತು ನಿಮಿಷ ಪತ್ರಿಕೆಯೊಂದನ್ನು ಗಟ್ಟಿಯಾಗಿ ಓದಿರಿ. ಓದು ಬಾರದ ಅಜ್ಜನಿಗೋ ಅಜ್ಜಿಗೋ ಓದಿ ಹೇಳಿರಿ. ಅವರು 'ಏನಂದೆ ಮಗಾ?' ಎಂದು ತಿರುಗಿ ಕೇಳಿದರೆ ತಪ್ಪು ಅವರ ಕಿವಿಯದೆಂದು ಬಗೆಯದೆ ಇನ್ನೊಮ್ಮೆ ಓದಿರಿ. ಅವರಿಗಿಂತ ಒಳ್ಳೆಯ ಪರೀಕ್ಷಕರು ಬೇರೆ ದೊರೆಯಲಾರರು.

ಉಚ್ಚಾರಣೆಯ ಶುದ್ಧಿಗಿಂತ ದೊಡ್ಡದು ಇನ್ನೊಂದುಂಟು. ಸುಳ್ಳನ್ನೂ ಇಂಪಾಗಿ ಹೇಳಬಹುದು. ಇಂದು ಕೈಯಲ್ಲಿರುವ ಮೊಬೈಲಿನಿಂದ ಯಾರು ಬೇಕಾದರೂ ಕ್ಷಣಾರ್ಧದಲ್ಲಿ ನೂರಾರು ಜನರಿಗೆ ಸುದ್ದಿ ಕಳುಹಿಸಬಲ್ಲರು. ಹೀಗಾಗಿ ನಾವೆಲ್ಲರೂ ಒಂದು ಬಗೆಯಲ್ಲಿ ವಾರ್ತಾವಾಚಕರೇ ಆಗಿದ್ದೇವೆ. 'ಇದು ನಿಜವೇ? ನನ್ನ ಹೆಸರು ಹೇಳಿ ಈ ಮಾತನ್ನು ಆಡಬಲ್ಲೆನೇ?' ಎಂದು ಕಳುಹಿಸುವ ಮುನ್ನ ಕೇಳಿಕೊಳ್ಳುವವರು ಮಾತ್ರ ಆ ಪರಂಪರೆಗೆ ಯೋಗ್ಯರು.

ಬ್ರಹ್ಮಗಿರಿಯ ಬಂಡೆ ಈಗಲೂ ಅಲ್ಲಿಯೇ ಇದೆ. ಸತ್ಯವನ್ನು ನುಡಿಯಬೇಕೆಂಬ ಮಾತೂ ಅದರ ಮೇಲೆ ಹಾಗೆಯೇ ಇದೆ. ಅದಕ್ಕೆ ದನಿಯಾಗಬೇಕಾದವರು ನಾವು.

ಪದಗಳ ಅರ್ಥ
ಮಹಾಮಾತ್ರ - ಮೌರ್ಯರ ಕಾಲದ ಉನ್ನತ ಅಧಿಕಾರಿ
ಲಿಪಿಕಾರ - ಬರೆಯುವವನು
ಡಂಗುರ - ವಾದ್ಯ ಬಾರಿಸಿ ಸಾರುವ ಪ್ರಕಟಣೆ
ಧಾರಣೆ - ಮಾರುಕಟ್ಟೆಯ ಬೆಲೆ
ವರಿಸು - ಮದುವೆಯಾಗು

ಅಭ್ಯಾಸ
1. ಬ್ರಹ್ಮಗಿರಿಯ ಶಾಸನದಲ್ಲಿರುವ ಸಂದೇಶವೇನು?
2. ವಾರ್ತಾವಾಚಕರು ತಮ್ಮ ಹೆಸರನ್ನು ಹೇಳುವ ಪದ್ಧತಿ ಏಕೆ ಬಂದಿತು? ಅದರಲ್ಲಿ ಅಡಗಿರುವ ಅರ್ಥವೇನು?
3. 'ಉಸಿರಿಲ್ಲದೆ ದನಿಯಿಲ್ಲ' ಎಂಬ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ನಿಮ್ಮ ಊರಿನ ಈ ವಾರದ ಮೂರು ಸುದ್ದಿಗಳನ್ನು ಸಂಗ್ರಹಿಸಿ, ನಿಜವೆಂದು ಖಚಿತಪಡಿಸಿಕೊಂಡು, ತರಗತಿಯಲ್ಲಿ ನಿಮ್ಮ ಹೆಸರು ಹೇಳಿ ಓದಿರಿ.