ದೂರದ ವಿಮಾನವೂ ಊರಿನ ಹೊತ್ತೂ

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳು ಪೂರ್ವದಿಂದ ಪಶ್ಚಿಮಕ್ಕೆ ಇದೇ ಕ್ರಮದಲ್ಲಿವೆ. ಯಾದಗಿರಿಯ ರೇಖಾಂಶವು ಸುಮಾರು 77 ಅಂಶ 8 ಕಲೆ. ಸುರಪುರದ್ದು 76 ಅಂಶ 45 ಕಲೆ. ಅರುವತ್ತು ಕಲೆಗಳಿಗೆ ಒಂದು ಅಂಶವಷ್ಟೆ. ಭೂಮಿಯು 24 ಗಂಟೆಗಳಲ್ಲಿ 360 ಅಂಶ ತಿರುಗುವುದರಿಂದ ಒಂದು ಅಂಶಕ್ಕೆ 4 ನಿಮಿಷಗಳು ಬೇಕು. ಆದುದರಿಂದ ಸೂರ್ಯನು ಯಾದಗಿರಿಯ ಮಧ್ಯಾಹ್ನರೇಖೆಯನ್ನು ದಾಟಿದ ಸುಮಾರು ಒಂದೂವರೆ ನಿಮಿಷದ ತರುವಾಯ ಸುರಪುರದ ರೇಖೆಯನ್ನು ದಾಟುತ್ತಾನೆ. ಊರಿಗೊಂದು ಗಡಿಯಾರವಿದ್ದರೆ ವ್ಯವಹಾರ ನಡೆಯದು. ಆದ್ದರಿಂದಲೇ ಭಾರತಕ್ಕೆಲ್ಲ 82½ ಅಂಶದ ರೇಖೆಯ ಕಾಲವನ್ನು ಪ್ರಮಾಣವಾಗಿ ಇಟ್ಟುಕೊಂಡಿದ್ದೇವೆ.

ಈ ಸಣ್ಣ ಲೆಕ್ಕವನ್ನು ದೊಡ್ಡ ಪ್ರಯಾಣವೊಂದಕ್ಕೆ ಅನ್ವಯಿಸಿ ನೋಡೋಣ. 2021ರ ಜನವರಿ 9ರ ರಾತ್ರಿ ಸುಮಾರು 8-30ಕ್ಕೆ ಏರ್ ಇಂಡಿಯಾದ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋವನ್ನು ಬಿಟ್ಟಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರು. ಮುಖ್ಯ ಚಾಲಕಿ ಜೋಯಾ ಅಗರ್‌ವಾಲ್. ಎಲ್ಲಿಯೂ ಇಳಿಯದೆ, ಉತ್ತರ ಧ್ರುವದ ಮಾರ್ಗವಾಗಿ ಹಾರಿ, ಹದಿನೇಳು ಗಂಟೆಗಳಿಗಿಂತ ತುಸು ಹೆಚ್ಚು ಕಾಲದಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ಆದರೆ ಮುಟ್ಟಿದ್ದು ಜನವರಿ 11ರ ಬೆಳಗಿನ ಜಾವದಲ್ಲಿ! ನಡುವಣ ದಿನವೆಲ್ಲಿ ಹೋಯಿತು?

ಅಮೆರಿಕದ ಆ ತೀರದ ಪ್ರಮಾಣರೇಖೆಯು ಪಶ್ಚಿಮಕ್ಕೆ 120 ಅಂಶ. ನಮ್ಮದು ಪೂರ್ವಕ್ಕೆ 82½. ಕೂಡಿದರೆ 202½ ಅಂಶ. ಗಂಟೆಗೆ 15 ಅಂಶದಂತೆ ಭಾಗಿಸಿದರೆ 13½ ಗಂಟೆಗಳು. ಅಷ್ಟು ಹೊತ್ತು ನಮ್ಮ ಗಡಿಯಾರ ಮುಂದಿದೆ. ವಿಮಾನವು ಹೊರಟಾಗಲೇ ನಮ್ಮಲ್ಲಿ 10ನೆಯ ತಾರೀಖು ಬೆಳಗಿನ ಹತ್ತು ಗಂಟೆಯಾಗಿತ್ತು. ಅದಕ್ಕೆ ಹದಿನೇಳು ಗಂಟೆ ಸೇರಿಸಿದರೆ 11ರ ನಸುಕಿನ ಮೂರು ಗಂಟೆ. ದಿನವು ಕಳೆದುಹೋಗಿಲ್ಲ, ಲೆಕ್ಕವೇ ಸರಿಹೋಯಿತು.

ಇನ್ನು ದೂರದ ಮಾತು. ಬೆಂಗಳೂರಿನ ವಿಮಾನನಿಲ್ದಾಣ 13.2 ಅಂಶ ಉತ್ತರದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋದ್ದು 37.6. ಧ್ರುವವು 90 ಅಂಶ. ಬೆಂಗಳೂರಿನಿಂದ ಧ್ರುವಕ್ಕೆ 76.8, ಅಲ್ಲಿಂದ ಆಚೆಗೆ 52.4, ಒಟ್ಟು 129.2 ಅಂಶ. ಅಕ್ಷಾಂಶದ ಒಂದು ಅಂಶಕ್ಕೆ ಸುಮಾರು 111 ಕಿಲೋಮೀಟರು. ಗುಣಿಸಿದರೆ 14,340 ಕಿಲೋಮೀಟರಿನ ಆಸುಪಾಸು. ಗೋಳದ ಮೇಲೆ ಅತ್ಯಂತ ಹತ್ತಿರದ ದಾರಿ ಸುಮಾರು 14,000. ಎಂದರೆ ಧ್ರುವದ ದಾರಿಯು ಕೆಲವೇ ನೂರು ಕಿಲೋಮೀಟರು ಹೆಚ್ಚು. ಗೋಡೆಯ ಭೂಪಟದಲ್ಲಿ ಇದು ಕಾಣದು. ಭೂಗೋಲದ ಮೇಲೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಕೂಡಲೇ ಕಾಣುತ್ತದೆ.

ದೂರವನ್ನು ವೇಗದಿಂದ ಭಾಗಿಸಿದ ಮಾತ್ರಕ್ಕೆ ಪ್ರಯಾಣಕಾಲ ನಿಖರವಾಗಿ ದೊರೆಯದು. ವಿಮಾನದ ವೇಗವು ಗಾಳಿಗೆ ಸಂಬಂಧಿಸಿದ್ದು; ಹಿಂದಿನಿಂದ ಬೀಸುವ ಗಾಳಿ ಅದನ್ನು ಮುಂದೆ ತಳ್ಳುತ್ತದೆ, ಎದುರುಗಾಳಿ ತಡೆಯುತ್ತದೆ. ಆದುದರಿಂದ ಹೋಗುವ ಕಾಲವೂ ಬರುವ ಕಾಲವೂ ಒಂದೇ ಆಗಿರುವುದಿಲ್ಲ.

ಈ ಗಣಿತದಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. ಟಿಕೆಟಿನ ಮೇಲೆ ಅಚ್ಚಾಗುವ ವೇಳೆಗಳು ಆಯಾ ಊರಿನವು. 9ರ ರಾತ್ರಿಗೆ ಹದಿನೇಳು ಗಂಟೆ ಸೇರಿಸಿ, ಮಗಳು 10ರ ಮಧ್ಯಾಹ್ನ ಇಳಿಯುವಳೆಂದು ಎಣಿಸಿ ಸುರಪುರದ ತಂದೆತಾಯಿಗಳು ಯಾದಗಿರಿಗೆ ಬಂದು ರಾತ್ರಿಯ ರೈಲು ಹಿಡಿದರೆ, ಬೆಂಗಳೂರಿನಲ್ಲಿ ಹದಿಮೂರೂವರೆ ಗಂಟೆ ವೃಥಾ ಕಾಯಬೇಕಾದೀತು. ಬೇಸಿಗೆಯಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಂತರವು 12½ ಗಂಟೆ ಮಾತ್ರ. ವಾಚಕರು ಇದನ್ನೂ ನೆನಪಿನಲ್ಲಿಟ್ಟು, ಯಾದಗಿರಿಯ ಬೆಳಗಿನ ಎಂಟು ಗಂಟೆಗೆ ಅಲ್ಲಿ ಎಷ್ಟು ಹೊತ್ತೆಂದು ಎರಡು ಋತುಗಳಿಗೂ ತಾವೇ ಲೆಕ್ಕಹಾಕಿ ನೋಡಲಿ.