ಮಗುವಿಗೂ ಕೊಲೆಸ್ಟ್ರಾಲೇ? ಕ್ಲಿನಿಕ್‌ನಲ್ಲೇ ಪತ್ತೆಹಚ್ಚುವ ಬಗೆ

ಕೊಲೆಸ್ಟ್ರಾಲ್ ಏನಿದ್ದರೂ ಐವತ್ತು ದಾಟಿದವರದು, ಹೆಚ್ಚೆಂದರೆ ದಪ್ಪ ಮಕ್ಕಳದು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಆದರೆ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಹುಟ್ಟಿನಿಂದಲೇ ಹೆಚ್ಚಿರುತ್ತದೆ. ಇದು ವಂಶದಲ್ಲಿ ಇಳಿದುಬರುವಂಥದ್ದು. ಮಗು ಕಡ್ಡಿಯಂತಿದ್ದರೂ ಬಿಡದು. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ‘ನಮ್ಮ ಕ್ಲಿನಿಕ್’ನ ಸಿಬ್ಬಂದಿ ಇದನ್ನು ಹೀಗೆ ಪತ್ತೆಹಚ್ಚಬಹುದು.

1. ಯಾರಿಗೆ ಎಂದು ತೀರ್ಮಾನಿಸಿ

9ರಿಂದ 11 ವಯಸ್ಸಿನ ಎಲ್ಲ ಮಕ್ಕಳಿಗೂ ಪರೀಕ್ಷೆ ಆಗಲಿ ಎಂದು ಅಮೆರಿಕದ ತಜ್ಞರ ಸಮಿತಿಯೊಂದು 2011ರಲ್ಲಿ ಹೇಳಿತು. ಅದೇ ದೇಶದ ಇನ್ನೊಂದು ಸಮಿತಿ 2023ರಲ್ಲಿ, ಅದಕ್ಕೆ ಪುರಾವೆ ಸಾಲದು ಎಂದಿತು. ಎಲ್ಲರಿಗೂ 18ಕ್ಕೆ ಮೊದಲ ಪರೀಕ್ಷೆ, ಮನೆತನದಲ್ಲಿ ಬೇಗ ಹೃದ್ರೋಗ ಬಂದಿದ್ದರೆ ಅದಕ್ಕೂ ಮೊದಲೇ ಎನ್ನುತ್ತದೆ ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿ. ನಮ್ಮ ಕೇಂದ್ರಗಳಿಗೆ ಸದ್ಯ ಒಗ್ಗುವುದು ಇದೇ. ಊರಿನ ಮಕ್ಕಳಿಗೆಲ್ಲ ಸೂಜಿ ಚುಚ್ಚಿ ರಿಪೋರ್ಟು ಯಾರೂ ನೋಡದಿದ್ದರೆ ಏನು ಬಂತು?

2. ಸರಿಯಾಗಿ ಕೇಳಿ

ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ. “ಮನೇಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಂ ಇದೆಯಾ?” ಎಂದರೆ “ಇಲ್ಲ ಮೇಡಂ” ಎಂಬ ಉತ್ತರ ಸಿದ್ಧವಾಗಿರುತ್ತದೆ. “ಮಗುವಿನ ಅಜ್ಜ ಇದ್ದಾರಾ? ಯಾವ ವಯಸ್ಸಲ್ಲಿ ತೀರ್ಕೊಂಡ್ರು? ಏನಾಗಿತ್ತು?” ಎಂದು ಕೇಳಿ. “ಗ್ಯಾಸ್ಟ್ರಿಕ್ ಅಂದ್ಕೊಂಡು ಸೋಡಾ ಕುಡಿಸಿದ್ವಿ, ಆಸ್ಪತ್ರೆ ಮುಟ್ಟೋಷ್ಟರಲ್ಲಿ ಹೋಗ್ಬಿಟ್ರು” ಎಂಬ ಮಾತು ಆಗ ಹೊರಬರುತ್ತದೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರಮಾವ, ಅತ್ತೆ, ಎಲ್ಲರ ಬಗ್ಗೆಯೂ ವಿಚಾರಿಸಿ. ಗಂಡಸರಿಗೆ 55, ಹೆಂಗಸರಿಗೆ 65 ತುಂಬುವ ಮೊದಲೇ ಹೃದಯಾಘಾತ, ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದರೆ ಮಗುವಿಗೆ ಪರೀಕ್ಷೆ ಬೇಕು.

ಇನ್ನೊಂದು ಪ್ರಶ್ನೆ ನಮ್ಮ ಕಡೆ ಬಿಡಲೇಬಾರದು: ಮದುವೆ ಸಂಬಂಧದಲ್ಲೇ ಆಗಿದ್ದಾ? ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ದೋಷದ ಜೀನ್ ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು. ಅಂಥ ಮಗುವಿನ ಒಟ್ಟು ಕೊಲೆಸ್ಟ್ರಾಲ್ 500 ದಾಟಬಹುದು, ಎಳೆಯ ವಯಸ್ಸಿನಲ್ಲೇ ಹೃದಯಾಘಾತವೂ ಆಗಬಹುದು.

3. ಚಪ್ಪಲಿ ಬಿಚ್ಚಿಸಿ ನೋಡಿ

ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು, ಮೊಣಕೈ, ಮಂಡಿ, ಬೆರಳ ಗೆಣ್ಣುಗಳಲ್ಲಿ ಹಳದಿ ಛಾಯೆಯ ಗಂಟುಗಳಿವೆಯೇ? ತಾಯಂದಿರು ಅದನ್ನು ನರಹುಲಿ ಅಥವಾ ಶೂ ಉಜ್ಜಿ ಆದ ಆಣಿ ಎಂದುಕೊಂಡಿರುತ್ತಾರೆ. ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡವೂ ಇದನ್ನು ನಿಮಿಷದಲ್ಲಿ ನೋಡಬಹುದು.

4. ರಕ್ತ ತೆಗೆಯುವಾಗ

ಮೊದಲ ಸಲ ಖಾಲಿಹೊಟ್ಟೆ ಬೇಡ; ಮಗುವನ್ನು ಉಪವಾಸ ಕೆಡವಿದರೆ ಪೋಷಕರು ಮತ್ತೆ ಬರುವುದೇ ಅನುಮಾನ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, ಕಳೆಯಿರಿ. ಉಳಿದದ್ದು 145 ಅಥವಾ ಹೆಚ್ಚಿದ್ದರೆ ಖಾಲಿಹೊಟ್ಟೆಯಲ್ಲಿ ಎರಡು ಸಲ, ನಡುವೆ ಎರಡು ವಾರದಿಂದ ಮೂರು ತಿಂಗಳ ಅಂತರ ಬಿಟ್ಟು ಪರೀಕ್ಷಿಸಿ ಸರಾಸರಿ ಹಿಡಿಯಿರಿ. ಜ್ವರ ಬಂದಿದ್ದರೆ ಮೂರು ವಾರ ತಡೆಯಿರಿ. ಮೈನೆರೆಯುವ ವಯಸ್ಸಿನಲ್ಲಿ ಕೊಲೆಸ್ಟ್ರಾಲ್ ತಾನಾಗಿ ಇಳಿದು ಮೋಸ ಮಾಡುತ್ತದೆ, ಹಾಗಾಗಿ 11ರೊಳಗೆ ಮುಗಿಸುವುದು ಒಳ್ಳೆಯದು.

5. ಮಕ್ಕಳ ಅಂಕಿಯಲ್ಲೇ ಅಳೆಯಿರಿ

ಲ್ಯಾಬಿನ ರಿಪೋರ್ಟಿನಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ದೊಡ್ಡವರ ಮಿತಿ. ಒಟ್ಟು ಕೊಲೆಸ್ಟ್ರಾಲ್ 195 ಇದ್ದರೆ ‘ನಾರ್ಮಲ್’ ಎಂದು ಮನೆಗೆ ಕಳಿಸಿಬಿಡುತ್ತಾರೆ. ಮಕ್ಕಳಲ್ಲಿ 170ರ ಒಳಗಿದ್ದರೆ ಸರಿ, 170–199 ಅಂಚಿನದು, 200ರಿಂದ ಮೇಲೆ ಹೆಚ್ಚು. ಎಲ್‌ಡಿಎಲ್ 110ರ ಒಳಗಿರಬೇಕು, 130 ಮುಟ್ಟಿದರೆ ಹೆಚ್ಚು. ಈ ಅಂಕಿಗಳನ್ನು ಬರೆದು ಲ್ಯಾಬ್ ಟೇಬಲ್ಲಿನ ಮೇಲೆ ಅಂಟಿಸಿಡಿ.

6. ಆಮೇಲೆ

ಹೆಚ್ಚು ಬಂದರೆ ಥೈರಾಯ್ಡ್, ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್ ನೋಡಿ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದೆಯೇ ಎಂದೂ ಕೇಳಿ. ಬೇಕರಿ ತಿಂಡಿ, ವನಸ್ಪತಿ ಕಡಿಮೆ ಮಾಡಿಸಿ, ಮಗುವನ್ನು ಆಟಕ್ಕೆ ಬಿಡಿಸಿ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಹಾಲು, ತುಪ್ಪ ನಿಲ್ಲಿಸಬೇಡಿ. ಎಲ್‌ಡಿಎಲ್ 190 ದಾಟಿದರೆ, ಅಥವಾ 160 ದಾಟಿ ಮನೆತನದಲ್ಲಿ ಹೃದ್ರೋಗವಿದ್ದರೆ, ತಜ್ಞರಲ್ಲಿಗೆ ಕಳಿಸಿ. ಸ್ಟಾಟಿನ್ ಮಾತ್ರೆ ಸಾಮಾನ್ಯವಾಗಿ 8–10 ವರ್ಷದ ನಂತರ, ಅವರು ಬರೆದರೆ ಮಾತ್ರ.

ಕಳಿಸುವ ಮೊದಲೇ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿಯರ ರಕ್ತವನ್ನೂ ತೆಗೆದುಕೊಳ್ಳಿ. ಎಷ್ಟೋ ಸಲ ಮೂವತ್ತೈದರ ಅಪ್ಪನಿಗೆ ತನ್ನ ಕೊಲೆಸ್ಟ್ರಾಲ್ ಗೊತ್ತಾಗುವುದು ಮಗುವಿನಿಂದಲೇ. ಮನೆಯವರೆಲ್ಲರ ಹೆಸರು ರಿಜಿಸ್ಟರಿನ ಒಂದೇ ಪುಟದಲ್ಲಿರಲಿ. ಮುಂದಿನ ಪರೀಕ್ಷೆಯ ತಾರೀಖು ಆಶಾ ಕಾರ್ಯಕರ್ತೆಯ ಡೈರಿಯಲ್ಲೂ ಇರಲಿ. ಬಾರದವರ ಮನೆಗೆ ಹೋಗಿ ಕರೆತರುವವರು ಅವರೇ.